ಹನ್ನೊಂದು ತಿಂಗಳ ಮನೆ

ಕೊಡಂಗಲ್ಲಿನ ಹಳೆಯ ಓಣಿಯೊಂದರಲ್ಲಿ ಫರಸಿ ಕಲ್ಲಿನ ಮಾಳಿಗೆಯ ಮನೆಯೊಂದಿದೆ. ಗೋಡೆಗಳು ದಪ್ಪ, ಬಾಗಿಲು ಗಿಡ್ಡ. ಮಾಳಿಗೆಗೆ ಹೊದಿಸಿದ್ದು ತಾಂಡೂರಿನ ಹಾಸುಗಲ್ಲು. ಆ ಸೀಮೆಯಲ್ಲಿ ನೆಲಕ್ಕೂ ಅದೇ ಕಲ್ಲು, ಗೋಡೆಗೂ ಅದೇ ಕಲ್ಲು, ತಲೆಯ ಮೇಲೂ ಅದೇ ಕಲ್ಲು. ಹಿಂದಿನ ಭಾಗದಲ್ಲಿ ಎಪ್ಪತ್ತು ದಾಟಿದ ಹಿರಿಯ ಹೆಂಗಸೊಬ್ಬರು ವಾಸವಾಗಿದ್ದಾರೆ. ಮುಂದಿನ ಎರಡು ಖೋಲಿಗಳನ್ನು ನಾರಾಯಣಖೇಡದ ಕಡೆಯಿಂದ ವರ್ಗವಾಗಿ ಬಂದ ಶಾಲಾ ಶಿಕ್ಷಕರೊಬ್ಬರಿಗೆ ಬಾಡಿಗೆಗೆ ಕೊಟ್ಟು ನಾಲ್ಕು ವರ್ಷಗಳಾಗಿವೆ. ತಿಂಗಳಿಗೆ 3,500 ರೂಪಾಯಿ ಬಾಡಿಗೆ, 7,000 ರೂಪಾಯಿ ಮುಂಗಡ. ಹಿರಿಯರಿಗೆ ಔಷಧಿ, ಕಿರಾಣಿ, ವಿದ್ಯುತ್ತಿನ ಬಿಲ್ಲು ಎಲ್ಲವೂ ಆ ಮೂರೂವರೆ ಸಾವಿರದಲ್ಲಿಯೇ ಆಗಬೇಕು. ಶಿಕ್ಷಕರಿಗೆ ಇಬ್ಬರು ಮಕ್ಕಳು. ಅವರ ಶಾಲೆ ಅದೇ ಓಣಿಯ ತುದಿಯಲ್ಲಿದೆ. ಹೀಗಾಗಿ ಆ ಎರಡು ಖೋಲಿಗಳ ಮೇಲೆ ಎರಡು ಸಂಸಾರಗಳು ನಿಂತಿದ್ದವು.

ಕಳೆದ ಮಳೆಗಾಲದಲ್ಲಿ ಕಲ್ಲಿನ ಸಂದುಗಳಲ್ಲಿ ನೀರಿಳಿಯಿತು. ಶಿಕ್ಷಕರು ಎರಡು ಸಲ ಹೇಳಿದರು. ಹಿರಿಯರು ಎರಡು ಸಲವೂ ಹಬ್ಬ ಮುಗಿಯಲಿ ಎಂದರು. ಮೂರನೆಯ ಮಳೆಗೆ ಶಿಕ್ಷಕರು ತಾವೇ ಗೌಂಡಿಯನ್ನು ಕರೆಯಿಸಿ ಸಂದುಗಳಿಗೆ ಸಿಮೆಂಟು ತುಂಬಿಸಿದರು, ಒಡೆದಿದ್ದ ಎರಡು ಕಲ್ಲುಗಳನ್ನು ಬದಲಾಯಿಸಿದರು, ಕರೆಗಟ್ಟಿದ ಗೋಡೆಗೆ ಸುಣ್ಣವನ್ನೂ ಹೊಡೆಸಿದರು. ಒಟ್ಟು ಖರ್ಚು 6,200 ರೂಪಾಯಿ. ಅದನ್ನು ಮುಂದಿನ ಎರಡು ತಿಂಗಳ ಬಾಡಿಗೆಯಲ್ಲಿ ಮುರಿದುಕೊಂಡರು: ಮೊದಲ ತಿಂಗಳು ಏನೂ ಕೊಡಲಿಲ್ಲ, ಎರಡನೆಯ ತಿಂಗಳು 800 ರೂಪಾಯಿ ಕೊಟ್ಟರು.

"ಎರಡ ತಿಂಗಳಿಂದ ಕಿರಾಯಿ ಕೊಟ್ಟಿಲ್ಲ. ಖಾಲಿ ಮಾಡ್ರಿ ಮಾಸ್ತರ," ಎಂದರು ಹಿರಿಯರು.

"ಅಮ್ಮಾರ, ಮಾಳಿಗಿ ಸೋರಲಿಕ್ಕತ್ತಿತ್ತು. ಹುಡುಗರ ಪುಸ್ತಕ ತೊಯ್ದು ಹೋದವು. ಬಾಂಡಿನೊಳಗ ಬರದದ, ದೊಡ್ಡ ಮರಮ್ಮತ್ತು ಮನಿಯವರದೇ ಅಂತ."

"ಬಾಂಡಿನೊಳಗ ಏನ ಬರದದ ಅಂತ ನನಗ ಓದಿ ಹೇಳಿದವರ ಯಾರು?"

ಯಾರೂ ಓದಿ ಹೇಳಿರಲಿಲ್ಲ. ಸೇಡಂ ತಾಲೂಕಿನ ಹಳ್ಳಿಯಿಂದ ಸೊಸೆಯಾಗಿ ಬಂದ ಆ ಹಿರಿಯರು ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವರು. ಕನ್ನಡ ಪುರಾಣವನ್ನೂ ಪತ್ರಿಕೆಯನ್ನೂ ಸರಾಗವಾಗಿ ಓದುತ್ತಾರೆ. ತೆಲುಗನ್ನು ಸರಾಗವಾಗಿ ಮಾತಾಡುತ್ತಾರೆ, ಓದಲಾರರು. ಕರಾರುಪತ್ರವಿದ್ದದ್ದು ತೆಲುಗಿನಲ್ಲಿ. ಬರೆದುಕೊಟ್ಟವನು ಬಾಡಿಗೆಯ ಮೊತ್ತವನ್ನೂ ಮುಂಗಡದ ಮೊತ್ತವನ್ನೂ ಗಟ್ಟಿಯಾಗಿ ಓದಿ, ಉಳಿದದ್ದೆಲ್ಲ ಮಾಮೂಲಿ ಎಂದು ಹೇಳಿ, ಹೆಬ್ಬೆಟ್ಟೋ ಸಹಿಯೋ ಎಂದು ಕೇಳಿದ್ದನಂತೆ. ಸಹಿ ಎಂದು ಹೇಳಿ ಹಿರಿಯರು ಕನ್ನಡದಲ್ಲಿ ಹೆಸರು ಬರೆದರು. ತನಗೆ ತಿಳಿಯದ ಲಿಪಿಯ ಕೆಳಗೆ ತನಗೆ ತಿಳಿದ ಲಿಪಿಯಲ್ಲಿ ಹೆಸರು ಬರೆಯುವುದು ಗಡಿಸೀಮೆಯಲ್ಲಿ ಹೊಸದೇನೂ ಅಲ್ಲ. ಅದೇ ಮನೆಯ ತಗಡಿನ ಸಂದೂಕಿನಲ್ಲಿ ಹಿರಿಯರ ಮಾವನವರು ಕಾಳಿನ ವ್ಯಾಪಾರಿಯೊಬ್ಬನಿಗೆ ಬರೆಯಿಸಿಕೊಟ್ಟ ಉರ್ದು ಕಿರಾಯಾನಾಮೆಯೊಂದು ಇದೆ. ಅದು ಫಸಲಿ 1357ರದೆಂದು, ಎಂದರೆ 1947–48ರ ಸುಮಾರಿನದೆಂದು, ತೀರಿಕೊಂಡ ಯಜಮಾನರು ಹೇಳುತ್ತಿದ್ದರು. ಅದನ್ನು ಓದಬಲ್ಲವರು ಈಗ ಮನೆಯಲ್ಲಿ ಒಬ್ಬರೂ ಇಲ್ಲ.

ಮನೆ ಇದ್ದಲ್ಲಿಯೇ ಇತ್ತು. ಅದರ ಮೇಲಿನ ಸರಕಾರ, ಕಾನೂನು, ಲಿಪಿಗಳೇ ಬದಲಾದವು. 1956ರ ನವೆಂಬರ್ 1ಕ್ಕೆ ಮೊದಲು ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯು ಗುಲ್ಬರ್ಗಾ ಜಿಲ್ಲೆಯನ್ನು ಮೈಸೂರಿಗೆ ಕೊಡುವಾಗ ಈ ಎರಡು ತಾಲೂಕುಗಳನ್ನು ಹೊರತುಪಡಿಸಿ ಎಂದು ಬರೆಯಿತು. ಬೀದರ್ ಜಿಲ್ಲೆಯಿಂದ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ಲನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ನ್ಯಾಲಕಲ್ ಸರ್ಕಲ್ಲು ಇವು ಆಂಧ್ರಪ್ರದೇಶಕ್ಕೆ ಹೋದವು. ಕೊಡಂಗಲ್ ಮಹಬೂಬನಗರ ಜಿಲ್ಲೆಯಾಯಿತು. 2014ರಲ್ಲಿ ರಾಜ್ಯ ತೆಲಂಗಾಣವಾಯಿತು, 2016ರಲ್ಲಿ ಜಿಲ್ಲೆ ವಿಕಾರಾಬಾದ್ ಆಯಿತು, 2018ರಲ್ಲಿ ಊರು ಪಂಚಾಯತಿಯಿಂದ ಮುನಸಿಪಾಲಿಟಿಯಾಯಿತು.

ಈ ಕೊನೆಯ ಬದಲಾವಣೆ ಬರಿಯ ಹೆಸರುಫಲಕದ್ದೆಂದು ಹಲವರು ತಿಳಿದಿದ್ದಾರೆ. ಬಾಡಿಗೆಯ ವಿಷಯದಲ್ಲಿ ಹಾಗಿಲ್ಲ. ಹೈದರಾಬಾದ್ ರಾಜ್ಯದಲ್ಲಿ 1954ರ ಮನೆಬಾಡಿಗೆ ನಿಯಂತ್ರಣ ಕಾಯ್ದೆಯೊಂದಿತ್ತು. ಆಗ ಸೇಡಂ ತವರಿಗೂ ಕೊಡಂಗಲ್ ಅತ್ತೆಮನೆಗೂ ಒಂದೇ ಶಾಸನ. ಆಂಧ್ರದವರು 1960ರಲ್ಲಿ, ಮೈಸೂರಿನವರು 1961ರಲ್ಲಿ ತಮ್ಮ ತಮ್ಮ ಕಾಯ್ದೆಗಳನ್ನು ಮಾಡಿಕೊಂಡ ಮೇಲೆ ಅತ್ತೆಮನೆ, ತವರುಮನೆಗಳ ಕಾನೂನು ಬೇರೆಯಾಯಿತು. ಕರ್ನಾಟಕ ಆನಂತರ 1999ರಲ್ಲಿ ಮತ್ತೊಂದು ಬಾಡಿಗೆ ಕಾಯ್ದೆಯನ್ನು ಮಾಡಿತು. ತೆಲಂಗಾಣದಲ್ಲಿ 1960ರ ಕಾಯ್ದೆಯೇ ಈಗಲೂ ನಡೆದಿದೆ. ಅದು ಹೈದರಾಬಾದು-ಸಿಕಂದರಾಬಾದುಗಳಿಗೂ ಎಲ್ಲ ಮುನಸಿಪಾಲಿಟಿಗಳಿಗೂ ಅನ್ವಯಿಸುತ್ತದೆ; ಹಳ್ಳಿಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಹೊಸ ಕಟ್ಟಡಗಳಿಗೂ ನಿಗದಿತ ಮಿತಿಯನ್ನು ಮೀರಿದ ಬಾಡಿಗೆಗಳಿಗೂ ಅದರಿಂದ ವಿನಾಯಿತಿ ಇದೆ. ಈ ವಿನಾಯಿತಿಯ ಕತೆಯೂ ಸ್ವಾರಸ್ಯದ್ದೇ. 1957ರ ಆಗಸ್ಟ್ 26ರಿಂದೀಚೆಗೆ ಕಟ್ಟಿದ ಯಾವ ಕಟ್ಟಡಕ್ಕೂ ಕಾಯ್ದೆ ಅನ್ವಯಿಸದು ಎಂದು ಮೊದಲಿಗೆ ಬರೆಯಲಾಗಿತ್ತು. ಮನೆ ಕಟ್ಟುವವರಿಗೆ ಉತ್ತೇಜನ ಸಿಗಲಿ ಎಂಬುದು ಉದ್ದೇಶ. ಕಾಲು ಶತಮಾನ ಕಳೆದರೂ ಆ 'ಹೊಸ' ಕಟ್ಟಡಗಳು ಹೊಸವಾಗಿಯೇ ಉಳಿದವು. ಕಡೆಗೆ 1983ರಲ್ಲಿ ಸರ್ವೋಚ್ಚ ನ್ಯಾಯಾಲಯ, ಆರಂಭದಲ್ಲಿ ಸಮಂಜಸವಾಗಿದ್ದ ಭೇದವು ಕಾಲ ಕಳೆದಂತೆ ಅನ್ಯಾಯವಾಗಬಲ್ಲದೆಂಬ ಕಾರಣದಿಂದ ಆ ವಾಕ್ಯವನ್ನು ರದ್ದುಮಾಡಿತು.

ಮೇಲಿನ ಮನೆಯ ಜಗಳ ಕಚೇರಿಯ ಮೆಟ್ಟಿಲು ಹತ್ತುವ ಹಂತದಲ್ಲಿತ್ತು. ಮಗ್ಗುಲ ಮನೆಯವರು ಕರೆಂಟು ತೆಗೆಸಿಬಿಡಿ, ತಾನಾಗಿ ಹೋಗುತ್ತಾರೆ ಎಂದು ಹಿರಿಯರಿಗೆ ಬುದ್ಧಿ ಹೇಳಿದರು. ಇದು ನಮ್ಮ ಓಣಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಬುದ್ಧಿ, ಮತ್ತು ತಪ್ಪು ಬುದ್ಧಿ. ಬಾಡಿಗೆದಾರನು ಅನುಭವಿಸುತ್ತಿರುವ ನೀರು, ಬೆಳಕುಗಳನ್ನು ಸಕಾರಣವಿಲ್ಲದೆ ನಿಲ್ಲಿಸುವಂತಿಲ್ಲವೆಂದು 1960ರ ಕಾಯ್ದೆಯೇ ಹೇಳುತ್ತದೆ. ಹೊರಗೆ ಹೋದಾಗ ಬೀಗ ಜಡಿದರೂ ಫಲವಿಲ್ಲ. ಕಾನೂನಿನ ಕ್ರಮವಿಲ್ಲದೆ, ಒಪ್ಪಿಗೆಯಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದೆಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮು ಹೇಳುತ್ತದೆ. ಆ ದಾವೆಯಲ್ಲಿ ಮನೆ ಯಾರದೆಂಬ ಪ್ರಶ್ನೆಯೇ ಬಾರದು. ಯಾರು ಇದ್ದರು, ಯಾರು ಎಬ್ಬಿಸಿದರು ಎಂಬುದಷ್ಟೇ ಬರುತ್ತದೆ. ಹಿರಿಯರೂ ಒಮ್ಮೆ ಸಿಟ್ಟಿನಲ್ಲಿ ಬೀಗದ ಮಾತಾಡಿದ್ದುಂಟು. ಪುಣ್ಯಕ್ಕೆ ಬೀಗ ಸಿಗಲಿಲ್ಲ.

ದೀಪಾವಳಿಯ ಬಿಡುವಿಗೆ ಮೊಮ್ಮಗಳು ಬಂದಳು. ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದಾಳೆ, ಐಚ್ಛಿಕ ಕನ್ನಡ. ತಂದೆ ತಾಂಡೂರಿನಲ್ಲಿ ಇರುವುದರಿಂದ ಶಾಲೆಯಲ್ಲಿ ತೆಲುಗನ್ನೂ ಕಲಿತವಳು. ಹಿರಿಯರು ಸಂದೂಕು ತೆಗೆದು ಬಾಂಡನ್ನು ಅವಳ ಮುಂದಿಟ್ಟರು.

"ಪಂಪನ್ನ ಓದತಿ ಅಂತಲ್ಲ. ಇದನ್ನ ಓದಿ ಹೇಳು ನೋಡೋಣ."

ಪಂಪನನ್ನು ಓದುವ ಹುಡುಗಿ ಆ ಆರು ಪುಟಗಳ ಮುಂದೆ ಮೊದಲ ದಿನ ಸೋತಳೆಂದೇ ಹೇಳಬೇಕು. ತೆಲುಗು ತಿಳಿಯಲಿಲ್ಲವೆಂದಲ್ಲ, ಕನ್ನಡ ಹೊಳೆಯಲಿಲ್ಲ. ಪತ್ರದ ನಮೂನೆ ಹೈದರಾಬಾದಿನ ಯಾವುದೋ ಬಹುಮಹಡಿ ಕಟ್ಟಡಕ್ಕಾಗಿ ತಯಾರಾದದ್ದು. ಲಿಫ್ಟಿನ ನಿರ್ವಹಣಾ ವೆಚ್ಚವನ್ನು ಬಾಡಿಗೆದಾರನು ಕೊಡತಕ್ಕದ್ದು, ವಾಹನ ನಿಲುಗಡೆಯ ಜಾಗವನ್ನು ಅನ್ಯರಿಗೆ ಕೊಡತಕ್ಕದ್ದಲ್ಲ ಎಂದೆಲ್ಲ ಇತ್ತು. ಫರಸಿ ಮಾಳಿಗೆಯ ಆ ಮನೆಗೆ ಲಿಫ್ಟು ಎಲ್ಲಿ ಬರಬೇಕು! ಅಜ್ಜಿ ನಕ್ಕರು, ನಾಲ್ಕು ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ಆದರೆ ಲಿಫ್ಟಿನ ಕೆಳಗಿನ ಸಾಲಿನಲ್ಲಿಯೇ ಇತ್ತು: ಚಿಕ್ಕ ಮರಮ್ಮತ್ತುಗಳು ಬಾಡಿಗೆದಾರನವು, ಕಟ್ಟಡದ ದೊಡ್ಡ ಮರಮ್ಮತ್ತುಗಳು ಮನೆಯವರವು.

ಈ ಒಂದು ಸಾಲಿಗೆ ಎಷ್ಟು ತೂಕವಿದೆಯೆಂಬುದು ಸಾಮಾನ್ಯವಾಗಿ ತಿಳಿಯದ ವಿಷಯ. ಮನೆಯನ್ನು ರಿಪೇರಿ ಮಾಡಿಸಿಕೊಡುವುದು ಮಾಲೀಕನ ಕರ್ತವ್ಯವೆಂದೇ ಬಾಡಿಗೆದಾರರೆಲ್ಲ ನಂಬಿರುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹಾಗೆ ಹೇಳುವುದಿಲ್ಲ. ಅದರ 108ನೆಯ ಕಲಮು ಮಾಲೀಕನ ಮೇಲೆ ಹೊರಿಸುವ ಭಾರ ಕಡಿಮೆ: ತನಗೆ ಗೊತ್ತಿದ್ದು ಬಾಡಿಗೆದಾರನ ಕಣ್ಣಿಗೆ ಬೀಳಲಾರದ ದೋಷಗಳನ್ನು ಮೊದಲೇ ಹೇಳಬೇಕು, ಕೇಳಿದಾಗ ಸ್ವಾಧೀನ ಕೊಡಬೇಕು, ಬಾಡಿಗೆ ಸಲ್ಲುತ್ತಿರುವ ತನಕ ನೆಮ್ಮದಿಯಿಂದ ಇರಗೊಡಬೇಕು. ದುರಸ್ತಿಯ ಹೊಣೆ ಕರಾರಿನಿಂದ ಅಥವಾ ಬೇರೊಂದು ಕಾನೂನಿನಿಂದ ಬರಬೇಕು. ಹಾಗೆ ಹೊಣೆ ಹೊತ್ತ ಮಾಲೀಕನು ತಿಳಿಸಿದ ಮೇಲೂ ಯುಕ್ತ ಕಾಲದೊಳಗೆ ಮಾಡದಿದ್ದರೆ ಬಾಡಿಗೆದಾರನು ತಾನೇ ಮಾಡಿಸಿ, ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಶಿಕ್ಷಕರು ಮಾಡಿದ್ದು ಇದನ್ನೇ. ಅವರಿಗೆ ಕಲಮು ಗೊತ್ತಿರಲಿಲ್ಲ, ಮಕ್ಕಳ ಪುಸ್ತಕ ತೊಯ್ದದ್ದು ಗೊತ್ತಿತ್ತು.

ಬಾಡಿಗೆದಾರನ ಮೇಲಿನ ಭಾರವೂ ಅದೇ ಕಲಮಿನಲ್ಲಿದೆ, ಮತ್ತು ಅದು ಇನ್ನೂ ವಿಸ್ತಾರವಾಗಿದೆ. ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸಬೇಕು; ವಿವೇಕಿಯಾದವನು ತನ್ನ ಸ್ವತ್ತನ್ನು ಬಳಸುವಂತೆ ಬಳಸಬೇಕು; ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡವನ್ನು ಎಬ್ಬಿಸಬಾರದು; ಯಾರಾದರೂ ಒತ್ತುವರಿ ಮಾಡಿದರೆ ಮಾಲೀಕನಿಗೆ ಕೂಡಲೇ ತಿಳಿಸಬೇಕು; ಬಿಡುವಾಗ ತಾನು ಬಂದಾಗ ಹೇಗಿತ್ತೋ ಹಾಗೆ ಒಪ್ಪಿಸಬೇಕು. ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೂ ತಡೆಯಲಾರದ ಬಲದಿಂದ ಆದ ಹಾನಿಗೂ ಅವನು ಜವಾಬುದಾರನಲ್ಲ. ಮುಂಗಡವನ್ನು ಹಿಂದಿರುಗಿಸುವಾಗ ಸುಣ್ಣಬಣ್ಣಕ್ಕೆಂದು ಎಲ್ಲ ಕಡೆಯಲ್ಲಿಯೂ ಒಂದಿಷ್ಟು ಮುರಿಯುವ ರೂಢಿ ಇದೆಯಷ್ಟೆ. ಸಹಜ ಸವಕಳಿ ಯಾವುದು, ಹಾಳುಗೆಡವಿದ್ದು ಯಾವುದು ಎಂಬ ಗೆರೆಯ ಮೇಲೆಯೇ ಆ ಜಗಳಗಳೆಲ್ಲ ನಡೆಯುತ್ತವೆ.

ಕನ್ನಡ ಓದುವವರಿಗೆ ಮರಮ್ಮತ್ತು ಎಂಬ ಶಬ್ದ ಹೊಸದಾಗಬೇಕಿಲ್ಲ. ಹಳೆಯ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆಗೆ ಮರಾಮತ್ತು ಇಲಾಖೆ ಎಂದೇ ಹೆಸರಿತ್ತು. ಮರಾಮತ್ತು ಅರಬ್ಬಿಯಿಂದ, ದುರಸ್ತಿ ಪಾರಸಿಯಿಂದ, ರಿಪೇರಿ ಇಂಗ್ಲಿಷಿನಿಂದ ಬಂದವು. ಹಾಗಾದರೆ ಇವು ಬರುವ ಮೊದಲು ಕನ್ನಡ ನಾಡಿನ ಮನೆಗಳು ಸೋರುತ್ತಿರಲಿಲ್ಲವೆ? ಶಾಸನಗಳನ್ನು ಓದಿದವರು ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಸಮಾಸವನ್ನು ಮರೆಯಲಾರರು. ಒಡೆದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಎತ್ತಿ ನಿಲ್ಲಿಸುವುದಕ್ಕೆ ಎಂದು ದತ್ತಿಯ ಭೂಮಿಯನ್ನು ಗೊತ್ತುಮಾಡಿ ಕಲ್ಲಿನ ಮೇಲೆ ಬರೆಯಿಸುತ್ತಿದ್ದರು. ದೇವಾಲಯವನ್ನು ಕಟ್ಟಿದವನು ಬಿರುಕು ಬಿಟ್ಟಾಗ ಯಾರು ನೋಡಿಕೊಳ್ಳಬೇಕೆಂಬುದನ್ನೂ ಅದೇ ದಿನ ಬರೆಯಿಸುತ್ತಿದ್ದನು. ಕೊಡಂಗಲ್ ಸೀಮೆಯ ನೀರನ್ನು ಒಯ್ಯುವ ಕಾಗಿಣಾ ಮುಂದೆ ರಾಷ್ಟ್ರಕೂಟರ ಮಾನ್ಯಖೇಟದ ಪಕ್ಕದಲ್ಲಿಯೇ ಹರಿಯುತ್ತದೆ. ಅಲ್ಲಿನ ಅರಸರ ಕಾಲದ ದಾನಪತ್ರಗಳ ಎಚ್ಚರಿಕೆ ಇಂದಿನ ಬಾಂಡು ಬರಹಗಾರರಲ್ಲಿ ಅರ್ಧದಷ್ಟಿದ್ದರೂ ಸಾಕಿತ್ತು.

ಒಂದು ವ್ಯತ್ಯಾಸವುಂಟು. ಆ ದಾನಗಳು ಆಚಂದ್ರಾರ್ಕ, ಸೂರ್ಯಚಂದ್ರರು ಇರುವವರೆಗೆ. ನಮ್ಮ ಬಾಡಿಗೆ ಪತ್ರಗಳು ಹನ್ನೊಂದು ತಿಂಗಳವು. ಹನ್ನೆರಡೇಕಲ್ಲ ಎಂದು ಮೊಮ್ಮಗಳು ಕೇಳಿದಳು. ಅಜ್ಜಿಗೂ ಮಾಸ್ತರರಿಗೂ ಗೊತ್ತಿರಲಿಲ್ಲ, ಅದು ಪದ್ಧತಿ ಎಂದರು. ಪದ್ಧತಿಯ ಹಿಂದೆ ಎರಡು ಕಾಯ್ದೆಗಳಿವೆ. ಒಂದು ವರ್ಷವನ್ನು ಮೀರಿದ ಅವಧಿಯ, ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಬಾಡಿಗೆ ನೋಂದಣಿಯಾದ ಪತ್ರದಿಂದಲೇ ಆಗಬೇಕೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 107ನೆಯ ಕಲಮು, 1908ರ ನೋಂದಣಿ ಕಾಯ್ದೆಯ 17ನೆಯ ಕಲಮು ಹೇಳುತ್ತವೆ. ನೋಂದಣಿಗೆ ಶುಲ್ಕ, ಓಡಾಟ, ಕಾಯುವಿಕೆ. ಅದನ್ನು ತಪ್ಪಿಸಿಕೊಳ್ಳಲು ದೇಶವೇ ಒಂದು ತಿಂಗಳನ್ನು ಕಡಿಮೆ ಮಾಡಿಕೊಂಡಿತು. ಐದು ವರ್ಷವೆಂದು ಬರೆದು ನೋಂದಾಯಿಸದೆ ಇಟ್ಟುಕೊಂಡ ಪತ್ರದ ಗತಿಯೇನು? ಪತ್ರ ಐದು ವರ್ಷದ ಹಕ್ಕನ್ನು ಕೊಡದು, ಆದರೆ ಮನೆಯಲ್ಲಿದ್ದು ಬಾಡಿಗೆ ಕೊಡುತ್ತಿರುವವನು ತಿಂಗಳ ಬಾಡಿಗೆದಾರನಾಗುತ್ತಾನೆ ಎಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಆಂತೊನಿ ಮತ್ತು ಕೆ.ಸಿ. ಇಟ್ಟೂಪ್ ಅಂಡ್ ಸನ್ಸ್ ಪ್ರಕರಣದಲ್ಲಿ ಹೇಳಿತು. ಮಹಾರಾಷ್ಟ್ರದವರು ಇನ್ನೊಂದು ದಾರಿ ಹಿಡಿದರು. ಅಲ್ಲಿಯ 1999ರ ಕಾಯ್ದೆಯಲ್ಲಿ ಅವಧಿ ಎಷ್ಟೇ ಇರಲಿ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮಾಲೀಕನದು.

ಕರ್ನಾಟಕದಲ್ಲಿ ಕಲಿಯುವ ವಿದ್ಯಾರ್ಥಿಗಳ ಮನೆಗಳಲ್ಲಿ ಇನ್ನೊಂದು ಪದ್ಧತಿಯ ಮಾತು ಬಂದೇ ಬರುತ್ತದೆ: 'ಲೀಸಿಗೆ ಹಾಕಿಕೊಳ್ಳುವುದು'. ಇಡಿಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಇಡಿಗಂಟನ್ನೇ ಹಿಂಪಡೆಯುವುದು. ಹಳೆಯ ಕನ್ನಡ ಪತ್ರಗಳಲ್ಲಿ ಇದಕ್ಕೆ ಭೋಗ್ಯ ಎಂದು ಸರಿಯಾದ ಹೆಸರೇ ಇತ್ತು. ಲೀಸು ಎಂಬ ಇಂಗ್ಲಿಷ್ ಶಬ್ದ ಬಂದು ಗೊಂದಲ ಮಾಡಿತು. ಹಣದ ಬಡ್ಡಿಗೆ ಬದಲಾಗಿ ಮನೆಯ ಭೋಗವನ್ನು ಕೊಡುವುದು ಕಾನೂನಿನ ಕಣ್ಣಿಗೆ ಅಡಮಾನವಾಗಬಹುದು. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಇಂಥ ಅಡಮಾನಕ್ಕೆ ನೋಂದಣಿ ಬೇಕು. ಲಕ್ಷಗಟ್ಟಲೆ ಹಣವನ್ನು ಹನ್ನೊಂದು ತಿಂಗಳ ನೋಂದಣಿಯಿಲ್ಲದ ಕಾಗದದ ಮೇಲೆ ಕೊಟ್ಟು, ಆಮೇಲೆ ಮನೆ ಬ್ಯಾಂಕಿನ ಸಾಲಕ್ಕೆ ಮುಂಚೆಯೇ ಒತ್ತೆಯಾಗಿತ್ತೆಂದು ತಿಳಿಯುವವರು ಕಡಿಮೆಯಿಲ್ಲ. ಕೊಡುವ ಮೊದಲು ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರವನ್ನು ತೆಗೆಸಿ ನೋಡುವುದು ಲೇಸು.

ಕೊಡಂಗಲ್ಲಿನ ಆ ಬಾಂಡಿಗೆ ಮರಳಿದರೆ, ಎರಡನೆಯ ದಿನ ಮೊಮ್ಮಗಳು ಇನ್ನೊಂದನ್ನು ಕಂಡುಹಿಡಿದಳು. ಪತ್ರದ ಅವಧಿ ಮೂರು ವರ್ಷಗಳ ಹಿಂದೆಯೇ ಮುಗಿದಿತ್ತು. ಹನ್ನೊಂದು ತಿಂಗಳಾದ ಮೇಲೆ ಯಾರೂ ಹೊಸದನ್ನು ಬರೆಯಿಸಿರಲಿಲ್ಲ. ಹಾಗಾದರೆ ಮರಮ್ಮತ್ತಿನ ಸಾಲೂ ಸತ್ತಂತೆಯೇ ಎಂದು ಅಜ್ಜಿಯ ಮುಖ ಅರಳಿತು. ಆದರೆ ಅವಧಿ ಮುಗಿದ ಮೇಲೂ ಬಾಡಿಗೆದಾರನು ಇದ್ದು, ಮಾಲೀಕನು ಬಾಡಿಗೆಯನ್ನು ಸ್ವೀಕರಿಸುತ್ತಿದ್ದರೆ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ ಎಂದು 116ನೆಯ ಕಲಮು ಹೇಳುತ್ತದೆ. ಹಳೆಯ ಷರತ್ತುಗಳಲ್ಲಿ ಹೊಂದುವಂಥವು ಅದರ ಜೊತೆಗೆ ಸಾಗುತ್ತವೆ. ತಿಂಗಳ ಬಾಡಿಗೆಯನ್ನು ಕೊನೆಗಾಣಿಸಲು ಆ ಕಾಯ್ದೆಯಂತೆ ಹದಿನೈದು ದಿನಗಳ ಲಿಖಿತ ನೋಟಿಸು ಬೇಕು. "ಖಾಲಿ ಮಾಡ್ರಿ ಮಾಸ್ತರ" ಎಂದು ಪಡಸಾಲೆಯಲ್ಲಿ ನಿಂತು ಕೂಗಿದರೆ ನೋಟಿಸಾಗದು.

ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುವ ಮನೆಯಾದರೆ ನೋಟಿಸೊಂದರಿಂದಲೂ ಆಗದು. ಬಾಡಿಗೆ ಬಾಕಿ, ಒಪ್ಪಿಗೆಯಿಲ್ಲದ ಒಳಬಾಡಿಗೆ, ಮಾಲೀಕನ ಸ್ವಂತ ವಾಸದ ನಿಜವಾದ ಅಗತ್ಯ, ಇಂಥ ಗೊತ್ತಾದ ಕಾರಣಗಳಲ್ಲಿ ಒಂದನ್ನು ಬಾಡಿಗೆ ನಿಯಂತ್ರಕರ ಮುಂದೆ ರುಜುಪಡಿಸಬೇಕು. ಬಾಕಿಯಿದ್ದರೂ ಅದು ಬುದ್ಧಿಪೂರ್ವಕವಲ್ಲವೆಂದು ಕಂಡರೆ ತುಂಬಲು ಹದಿನೈದು ದಿನಗಳವರೆಗೆ ಅವಕಾಶ ಕೊಟ್ಟು, ತುಂಬಿದ ಮೇಲೆ ಅರ್ಜಿಯನ್ನು ತಳ್ಳಿಹಾಕಬೇಕು. ಬಾಡಿಗೆಯನ್ನು ಕೊಡಹೋದರೂ ತೆಗೆದುಕೊಳ್ಳದೆ, ಆಮೇಲೆ ಬಾಕಿಯೆಂದು ದಾವೆ ಹೂಡುವ ಮಾಲೀಕರ ಜಾಣತನಕ್ಕೂ ಆ ಕಾಯ್ದೆಯಲ್ಲಿ ಮದ್ದಿದೆ. ನಿಮ್ಮ ಬ್ಯಾಂಕು ಯಾವುದೆಂದು ಬಾಡಿಗೆದಾರನು ಬರೆದು ಕೇಳಬಹುದು. ಉತ್ತರ ಬಾರದಿದ್ದರೆ ಮನಿಆರ್ಡರು ಮಾಡಬಹುದು, ಮನಿಆರ್ಡರಿನ ಕಮಿಷನ್ನನ್ನು ಬಾಡಿಗೆಯಲ್ಲಿಯೇ ಕಳೆದುಕೊಂಡು. ಕೊಟ್ಟ ಹಣಕ್ಕೆ ರಸೀದಿ ಪಡೆಯುವುದು ಬಾಡಿಗೆದಾರನ ಹಕ್ಕು. ಆ ಮನೆಯಲ್ಲಿ ನಾಲ್ಕು ವರ್ಷ ಒಂದೇ ಒಂದು ರಸೀದಿ ಹುಟ್ಟಿರಲಿಲ್ಲ. ಕೇಳಿದರೆ ಅಮ್ಮನವರ ಮೇಲೆ ಅಪನಂಬಿಕೆ ತೋರಿಸಿದಂತಾಗುತ್ತದೆಂದು ಮಾಸ್ತರರ ಸಂಕೋಚ. ಕೊಟ್ಟರೆ ಮಾಸ್ತರರ ಮೇಲೆ ಅಪನಂಬಿಕೆಯೆಂದು ಅಮ್ಮನವರ ಸಂಕೋಚ. ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲ್ಲಿನ ಗೀಟುಗಳಿದ್ದವು, ಅಷ್ಟೇ.

ಮೂರನೆಯ ದಿನ ಸಂಜೆ ಮೊಮ್ಮಗಳು ಮಾಸ್ತರರನ್ನೂ ಪಡಸಾಲೆಗೆ ಕರೆದಳು. ಬಾಂಡನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದುತ್ತ ಹೋದಳು. ಒಳಬಾಡಿಗೆಯ ಸಾಲಿಗೆ ಬಂದಾಗ ಅವಳಿಗೆ ಮಾತು ತಡೆಯಿತು. ತೆಲುಗಿನ ಉದ್ದ ಸಮಾಸಕ್ಕೆ 'ಉಪಬಾಡಿಗೆದಾರ' ಎಂದಳು, ಅಜ್ಜಿಗೆ ತಿಳಿಯಲಿಲ್ಲ. ಮರಾಠಿಯ ನೆರಳಿನಲ್ಲಿ ಬೆಳೆದ ಮಾಸ್ತರರು, "ನಮ್ಮ ಕಡಿ ಪೋಟ್‌ಭಾಡೇಕರೂ ಅಂತಾರ, ಅಮ್ಮಾರ. ಪೋಟ ಅಂದ್ರ ಹೊಟ್ಟಿ," ಎಂದರು. ಬಾಡಿಗೆದಾರನ ಹೊಟ್ಟೆಯೊಳಗೆ ಇನ್ನೊಬ್ಬ ಬಾಡಿಗೆದಾರ! ಅಜ್ಜಿಗೆ ಕೂಡಲೇ ತಿಳಿಯಿತು. ಮರಾಠಿಯ ಭಾಡೇ, ಕನ್ನಡದ ಬಾಡಿಗೆ ಎರಡೂ ಸಂಸ್ಕೃತದ ಭಾಟಕದಿಂದ ಬಂದವೆಂದು ಪಂಡಿತರು ಹೇಳುತ್ತಾರೆ. ಕಿರಾಯಿ ಉರ್ದುವಿನದಾದರೂ ಆ ಸೀಮೆಯ ನಾಲ್ಕೂ ಭಾಷೆಗಳಲ್ಲಿ ಓಡಾಡುತ್ತದೆ. ಆದರೆ ಬಾಡಿಗೆಯ ಮನೆಯನ್ನು ಬಿಡಿಸುವುದಕ್ಕೆ ಕನ್ನಡವಿಟ್ಟ ಹೆಸರು ಬೇರೆ ಯಾವುದರಿಂದಲೂ ಬಂದದ್ದಲ್ಲ: ಒಕ್ಕಲೆಬ್ಬಿಸುವುದು. ಒಕ್ಕಲು ಎಂದರೆ ವಾಸ, ಒಕ್ಕಲು ಎಂದರೆ ಮನೆತನ, ಒಕ್ಕಲು ಎಂದರೆ ಗೇಣಿಗೆ ಕುಳಿತವನು. ಮನೆಯೊಳಗಿನ ಮನುಷ್ಯನನ್ನು ಎಬ್ಬಿಸುವುದೆಂದರೆ ಒಂದು ಮನೆತನವನ್ನೇ ಎಬ್ಬಿಸುವುದೆಂಬ ಅರಿವು ಆ ಶಬ್ದದಲ್ಲಿದೆ; ತೆರವು ಎಂಬ ಈಚಿನ ಕಚೇರಿ ಮಾತಿನಲ್ಲಿ ಅದು ಕಾಣದು.

ಮರಮ್ಮತ್ತಿನ ಸಾಲನ್ನು ಎರಡು ಸಲ ಓದಿಸಿಕೊಂಡ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಲ್ಲು, ಸಿಮೆಂಟು ನಂದು. ಸುಣ್ಣ ಯಾಕ ನಂದು?" ಎಂದರು. ಪ್ರಶ್ನೆ ನ್ಯಾಯವಾಗಿಯೇ ಇತ್ತು. ಗೋಡೆ ಕರೆಗಟ್ಟಿದ್ದು ಸೋರಿಕೆಯಿಂದ ಎಂದು ಮಾಸ್ತರರು ಹೇಳಬಹುದಿತ್ತು, ಹೇಳಲಿಲ್ಲ. ಗೌಂಡಿಯ ಚೀಟಿಯಲ್ಲಿ ಸುಣ್ಣದ ಬಾಬತ್ತು 900 ರೂಪಾಯಿ ಇತ್ತು. ಒಳಗೆ ಹೋಗಿ ತಂದುಕೊಟ್ಟರು. ಉಳಿದ 5,300 ಬಾಡಿಗೆಗೆ ಜಮೆಯಾಯಿತು.

ಹೊಸ ಕರಾರನ್ನು ಯಾವ ಭಾಷೆಯಲ್ಲಿ ಬರೆಯುವುದೆಂಬ ಮಾತು ಆಮೇಲೆ ಬಂತು. ಖಾಸಗಿ ಕರಾರು ಇಂಥ ಭಾಷೆಯಲ್ಲಿಯೇ ಇರಬೇಕೆಂದು ಕಾನೂನು ಹೇಳುವುದಿಲ್ಲ. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗಲೇ ಸಮ್ಮತಿ ಎಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಓದಲಾಗದ ಲಿಪಿಯ ಕೆಳಗಿನ ಸಹಿ ಆ ಮಾತಿಗೆ ಎಷ್ಟು ಹತ್ತಿರವೆಂಬುದು ಯೋಚಿಸತಕ್ಕದ್ದು. ನೋಂದಾಯಿಸುವುದಾದರೂ ದಾರಿ ಮುಚ್ಚಿಲ್ಲ. ನೋಂದಣಾಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರಕ್ಕೆ ಅಲ್ಲಿನ ಬಳಕೆಯ ಭಾಷೆಯ ನಿಜ ಅನುವಾದವನ್ನೂ ನಕಲನ್ನೂ ಲಗತ್ತಿಸಿದರೆ ಸಾಕೆಂದು ನೋಂದಣಿ ಕಾಯ್ದೆಯ 19ನೆಯ ಕಲಮಿನಲ್ಲಿದೆ. ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯ ಸೂಚನೆ, ನಿಯಮಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕೆಂಬ ಕೇಂದ್ರದ ಜ್ಞಾಪನಪತ್ರವೂ ಗಡಿ ಗೆರೆ ಬಿದ್ದ ಅದೇ 1956ರದು. ಅದನ್ನು ಕೇಳಿ ಪಡೆಯುವವರು ಬೇಕು.

ಮೊಮ್ಮಗಳು ಪುಟವನ್ನು ಎರಡು ಭಾಗ ಮಾಡಿ ಎಡಕ್ಕೆ ಕನ್ನಡ, ಬಲಕ್ಕೆ ತೆಲುಗು ಬರೆದಳು. ತೆಲುಗಿನ ಕಡೆಯನ್ನು ಮಾಸ್ತರರು ತಿದ್ದಿದರು. ಲಿಫ್ಟು ಹೋಯಿತು. ಮಾಳಿಗೆ, ಗೋಡೆ, ಮೋರಿ ಮನೆಯವರವು. ನಲ್ಲಿ, ಬಲ್ಬು, ಚಿಲಕ ವಾಸಿಸುವವರವು. ಸೋರಿಕೆಯನ್ನು ಚೀಟಿ ಬರೆದು ತಿಳಿಸಿದ ಹದಿನೈದು ದಿನದೊಳಗೆ ಕೆಲಸ ಆರಂಭವಾಗಬೇಕು. ಬಾಡಿಗೆಗೆ ರಸೀದಿ ಕೊಡಬೇಕು. ಖಾಲಿ ಮಾಡುವುದಿದ್ದರೆ ಶಾಲೆಯ ವರ್ಷ ಮುಗಿದ ಮೇಲೆ. ಈ ಕೊನೆಯದನ್ನು ಹೇಳಿದವರು ಹಿರಿಯರೇ. ಅವಧಿ ಮತ್ತೆ ಹನ್ನೊಂದು ತಿಂಗಳೇ ಆಯಿತು. ಕೊಡಂಗಲ್ಲಿನಲ್ಲಿ ಕನ್ನಡ ಓದುವ ಸಾಕ್ಷಿಯೊಬ್ಬರನ್ನು ಹುಡುಕಲು ಅರ್ಧ ದಿನ ಹಿಡಿಯಿತೆಂಬುದನ್ನೂ ಹೇಳಬೇಕು.

ಕನ್ನಡದ ಪ್ರತಿ ಸಂದೂಕಿನಲ್ಲಿ ಉರ್ದು ಕಿರಾಯಾನಾಮೆಯ ಮೇಲೆ ಸೇರಿತು. ಅದನ್ನೂ ಓದಿಸಬೇಕೆಂದು ಹಿರಿಯರಿಗೆ ಈಗ ಹಟ ಬಂದಿದೆ. ಆ ಕಾಲದಲ್ಲಿ ಮಾಳಿಗೆ ಸೋರಿದರೆ ಖರ್ಚು ಮಾವನವರದೋ ಕಾಳಿನ ವ್ಯಾಪಾರಿಯದೋ ಎಂಬುದು ಅವರಿಗೆ ತಿಳಿಯಬೇಕಾಗಿದೆ. ಹಳೆಯ ಉರ್ದು ಕಾಗದಗಳನ್ನು ಓದುವ ನಿವೃತ್ತ ಗುಮಾಸ್ತರೊಬ್ಬರು ಕೋಸಗಿಯಲ್ಲಿದ್ದಾರಂತೆ. ಸಂಕ್ರಾಂತಿಯ ಬಿಡುವಿನಲ್ಲಿ ಮೊಮ್ಮಗಳು ಅವರಲ್ಲಿಗೆ ಹೋಗುವವಳಿದ್ದಾಳೆ. ಜೊತೆಗೆ ಬರುತ್ತೇನೆಂದು ಮಾಸ್ತರರೂ ಹೇಳಿದ್ದಾರೆ.